ಕೋಶದೊಳಗಣ ಜಾಲವನ್ನು ಕಂಡ ಕಮಿಲ್ಲೋ ಗಾಲ್ಗಿ

ಪ್ರೌಢಶಾಲೆಯಲ್ಲಿ ಜೀವಶಾಸ್ತ್ರವನ್ನು ಓದಿದವರೆಲ್ಲರೂ ಜೀವಕೋಶದ ಚಿತ್ರ ಬರೆದು, ಕೋಶಕೇಂದ್ರದ ಪಕ್ಕದಲ್ಲಿ ಬುಟ್ಟಿಯೊಳಗೆ ಒಟ್ಟಿದ ಜೋಳದ ರೊಟ್ಟಿಗಳಂತೆ ನಾಲ್ಕಾರು ಬಾಗುಗೆರೆಗಳನ್ನೆಳೆದು, ಗಾಲ್ಗಿ ಸಂಕೀರ್ಣವೆಂದು ಗುರುತಿಸಿದವರೇ. ಅದು ಒಬ್ಬ ವೈದ್ಯರ ಹೆಸರೆಂಬುದನ್ನು ಅರಿತವರು ವಿರಳ. ತಮ್ಮ ಇಟಲಿ ಭಾಷೆಯಲ್ಲಿ ಅವರು ಗೋಲ್ಜಿ. ಇಂಗ್ಲಿಷ್ ಅಕ್ಷರಗಳ ಮೂಲಕ ಬಂದು ಕನ್ನಡದಲ್ಲಿ ಗಾಲ್ಗಿಯಾದರು. ರೂಢಿಯು ಬಲವತ್ತರವಾದುದರಿಂದ ಆ ರೂಪವೇ ಇರಲಿ.

ಕಮಿಲ್ಲೋ ಗಾಲ್ಗಿಯವರು 1843ರ ಜುಲೈ 7ರಂದು ಉತ್ತರ ಇಟಲಿಯ ಬ್ರೆಷಿಯಾ ಪ್ರಾಂತದ ಕೊರ್ತೇನೋ ಎಂಬ ಪರ್ವತಗ್ರಾಮದಲ್ಲಿ ಜನಿಸಿದರು. ತಂದೆ ವೈದ್ಯರು. ಮಗನೂ ಪಾವಿಯಾ ವಿಶ್ವವಿದ್ಯಾನಿಲಯದಿಂದ 1865ರಲ್ಲಿ ವೈದ್ಯಪದವೀಧರನಾದನು. ಅಲ್ಲಿ ಅವರಿಗೆ ಸೂಕ್ಷ್ಮದರ್ಶಕದ ದೀಕ್ಷೆ ದೊರೆತುದು ತಮಗಿಂತ ಕಿರಿಯರಾದ ಜೂಲಿಯೋ ಬಿಜೊಜೆರೋ ಅವರಿಂದ. ವಿದ್ಯೆಗೆ ವಯಸ್ಸಿನ ಹಂಗಿಲ್ಲ.

1872ರಲ್ಲಿ ಜೀವನೋಪಾಯಕ್ಕಾಗಿ ಅಬ್ಬಿಯಾತೆಗ್ರಾಸ್ಸೋ ಎಂಬ ಊರಿನ, ವಾಸಿಯಾಗದ ರೋಗಿಗಳ ಆಸ್ಪತ್ರೆಗೆ ಹೋಗಬೇಕಾಯಿತು. ಅಲ್ಲಿ ಪ್ರಯೋಗಶಾಲೆಯಿರಲಿಲ್ಲ. ಗಾಲ್ಗಿಯವರು ಒಂದು ಅಡುಗೆಮನೆಯನ್ನೇ ಪ್ರಯೋಗಶಾಲೆಯಾಗಿ ಮಾಡಿಕೊಂಡು, ಒಂದು ಸೂಕ್ಷ್ಮದರ್ಶಕ ಮತ್ತು ಕೆಲವೇ ಉಪಕರಣಗಳೊಡನೆ ಕೆಲಸಕ್ಕೆ ತೊಡಗಿದರು. ಮಿದುಳಿನ ತುಣುಕನ್ನು ಪೊಟ್ಯಾಸಿಯಂ ಡೈಕ್ರೋಮೇಟಿನಲ್ಲಿ ಗಟ್ಟಿಗೊಳಿಸಿ, ಬಳಿಕ ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿಟ್ಟಾಗ, ಹಳದಿಯ ಹಿನ್ನೆಲೆಯಲ್ಲಿ ಅಲ್ಲೊಂದು ಇಲ್ಲೊಂದು ನರಕೋಶ ಮಾತ್ರ ಕೊಂಬೆರೆಂಬೆಗಳೊಡನೆ ಕಡುಗಪ್ಪಾಗಿ ಎದ್ದು ಕಂಡಿತು. ಎಲ್ಲ ಕೋಶಗಳೂ ಕಪ್ಪಾಗಿದ್ದರೆ ಕಾಣುತ್ತಿದ್ದುದು ಮಸಿಯ ಮುದ್ದೆಯಷ್ಟೆ. 1873ರಲ್ಲಿ ಪ್ರಕಟವಾದ ಈ ವಿಧಾನದಿಂದ ನರವಿಜ್ಞಾನಕ್ಕೆ ಕಣ್ಣು ಬಂದಿತೆನ್ನಬಹುದು.

ಮತ್ತೆ ಪಾವಿಯಾಕ್ಕೆ ಬಂದು ಪ್ರಾಧ್ಯಾಪಕರಾದ ಅವರು 1885ರಿಂದೀಚೆಗೆ ಮಲೇರಿಯವನ್ನು ಅಭ್ಯಸಿಸಿದರು. ರಕ್ತಕಣಗಳೊಳಗಿನ ಪರೋಪಜೀವಿಗಳು ಏಕಕಾಲಕ್ಕೆ ಒಡೆದು ಹೊರಬರುವ ವೇಳೆಗೇ ಚಳಿಜ್ವರವೇರುವುದೆಂದು ತೋರಿಸಿದರು. ಮಲೆನಾಡಿನವರಿಗೆ ಆ ಜ್ವರದ ಸರದಿಯನ್ನು ವಿವರಿಸಬೇಕಾಗಿಲ್ಲ.

1898ರಲ್ಲಿ ಗೂಬೆಯ ಮಿದುಳಿನ ನರಕೋಶಗಳನ್ನು ನೋಡುತ್ತಿದ್ದಾಗ ಕೋಶದ ಒಡಲಿನೊಳಗೇ ಸೂಕ್ಷ್ಮವಾದೊಂದು ಜಾಲವು ಅವರ ಕಣ್ಣಿಗೆ ಬಿದ್ದಿತು. ಅದಕ್ಕೆ ಒಳಜಾಲವೆಂಬ ಅರ್ಥದ ಹೆಸರಿಟ್ಟು ಪಾವಿಯಾದ ವೈದ್ಯಸಂಘದ ಮುಂದೆ ನಿವೇದಿಸಿದರು. ಅದು ಕೋಶದ ಅಂಗವಲ್ಲ, ಬಣ್ಣಗಟ್ಟುವಾಗ ಬೆಳ್ಳಿ ಕೂತುಕೊಂಡುದರಿಂದಾದ ಭ್ರಮೆಯೆಂದು ಅನೇಕರು ಸಂಶಯಿಸಿದರು. ವಿವಾದವು ಅರ್ಧ ಶತಮಾನ ನಡೆಯಿತು.

1906ರ ನೊಬೆಲ್ ಪಾರಿತೋಷಕವು ಗಾಲ್ಗಿಯವರಿಗೂ ಸ್ಪೇನಿನ ರಾಮೋನ್ ಇ ಕಹಾಲ್ ಅವರಿಗೂ ಹಂಚಿಕೆಯಾಯಿತು. ಗಾಲ್ಗಿಯವರ ವಿಧಾನದಿಂದಲೇ ಕಹಾಲರು ಪ್ರತಿಯೊಂದು ನರಕೋಶವೂ ಬೇರೆಬೇರೆಯೆಂದು ಸಾಧಿಸಿದ್ದರು. ಗಾಲ್ಗಿಯವರಾದರೋ ನರಮಂಡಲವೆಲ್ಲ ಅಖಂಡ ಬಲೆಯೆಂಬ ಪಟ್ಟನ್ನು ಬಿಡದೆ, ಸ್ಟಾಕ್‌ಹೋಮಿನ ಪಾರಿತೋಷಕ ಭಾಷಣದಲ್ಲಿಯೇ ಕಹಾಲರ ಮತವನ್ನು ಖಂಡಿಸಿದರು. ಅಂಥ ವೇದಿಕೆಯಲ್ಲಿ ಅದು ಅವರ ಘನತೆಗೆ ಒಪ್ಪುವ ಮಾತಾಗಿರಲಿಲ್ಲ. ಸಿದ್ಧಾಂತದಲ್ಲಿಯೂ ಅವರು ಸೋತರು. ಒಳಜಾಲದ ವಿಷಯದಲ್ಲಿ ಮಾತ್ರ ಅವರು ಕಂಡುದೇ ದಿಟ. ಅದು ಸಿದ್ಧವಾಗುವ ಮೊದಲೇ, 1926ರ ಜನವರಿ 21ರಂದು ಪಾವಿಯಾದಲ್ಲಿ ನಿಧನರಾದರು. 1954ರ ಸುಮಾರಿಗೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಸಂಶಯವನ್ನು ಪರಿಹರಿಸಿತು.

ಈ ಅಂಗದ ಕೆಲಸವೇನು? ಖಾನಾಪುರ ತಾಲ್ಲೂಕಿನ ಹಲಸಿಯಲ್ಲಿ ದೊರೆತ ಕದಂಬರ ತಾಮ್ರಶಾಸನಗಳನ್ನು ಬಲ್ಲವರಿಗೆ ಒಂದು ಹೋಲಿಕೆ ಸಹಾಯಕವಾದೀತು. ದತ್ತಿಯು ಯಾರಿಗೆ, ಯಾವ ಸ್ಥಳದಲ್ಲಿ ಸಲ್ಲತಕ್ಕದ್ದೆಂಬುದು ಆ ತಗಡಿನಲ್ಲಿಯೇ ಕೊರೆದಿರುತ್ತದೆ. ಅಂತೆಯೇ ಪ್ರೋಟೀನಿನ ವಿಳಾಸವೂ ಅದರ ಮೈಯಲ್ಲಿಯೇ ಉಂಟೆಂಬುದನ್ನು ನ್ಯೂಯಾರ್ಕಿನ ಗುಂಟರ್ ಬ್ಲೋಬೆಲ್ ಅವರು ತೋರಿಸಿ 1999ರ ನೊಬೆಲ್ ಪಡೆದರು. ರೈಬೋಸೋಮಿನಿಂದ ಪ್ರೋಟೀನಿನ ಎಳೆ ಹೊರಬರುತ್ತಿರುವಾಗಲೇ, ಅದರ ತುದಿಯ ಇಪ್ಪತ್ತು ಮೂವತ್ತು ಅಮೈನೋ ಆಮ್ಲಗಳ ಸಂಕೇತವನ್ನು ಒಂದು ಕಣವು ಗುರುತಿಸಿ ಹಿಡಿದು, ರೈಬೋಸೋಮನ್ನು ಎಂಡೋಪ್ಲಾಸ್ಮಿಕ್ ಜಾಲದ ಪೊರೆಗೆ ಕರೆತರುತ್ತದೆ. ಆ ಪೊರೆಯಲ್ಲಿರುವ ಕಿರಿದಾದ ದ್ವಾರದೊಳಗೆ ಎಳೆಯು ನುಸುಳುತ್ತದೆ. ನೀರನ್ನೊಲ್ಲದ, ಕೊಬ್ಬಿಗೆ ಒಗ್ಗುವ ಭಾಗವು ಬಂದಾಗ ದ್ವಾರವು ಪಕ್ಕಕ್ಕೆ ತೆರೆದುಕೊಂಡು ಆ ಭಾಗವನ್ನು ಪೊರೆಯ ಕೊಬ್ಬಿನೊಳಗೆ ಬಿಡುತ್ತದೆ. ಪ್ರೋಟೀನು ಗೋಡೆಗೆ ಹೊಡೆದ ಗೂಟದಂತೆ ಅಲ್ಲಿ ನೆಲೆಗೊಳ್ಳುತ್ತದೆ. ಬಳಿಕ ಪೊರೆಯ ಪುಟ್ಟ ಚೀಲಗಳಲ್ಲಿ ಅದು ಗಾಲ್ಗಿಗೆ ಸಾಗುತ್ತದೆ. ಅಲ್ಲಿ ಸಕ್ಕರೆಯ ಅಂಶಗಳು ತಿದ್ದಲ್ಪಟ್ಟು, ಹೊರಪೊರೆಗೆ ಯಾವುದು, ಲೈಸೋಸೋಮಿಗೆ ಯಾವುದು ಎಂಬ ವಿಂಗಡಣೆಯಾಗುತ್ತದೆ. ಎಲ್ಲ ಪ್ರೋಟೀನುಗಳಿಗೂ ಇದೇ ದಾರಿಯಲ್ಲ. ಮೈಟೊಕಾಂಡ್ರಿಯದವು ಬೇರೆ ಸಂಕೇತದಿಂದ ನೇರವಾಗಿ ಅಲ್ಲಿಗೇ ಹೋಗುತ್ತವೆ.

ವಿಂಗಡಣೆ ತಪ್ಪಿದರೆ ಹಾನಿ ಅಲ್ಪವಲ್ಲ. ಲೈಸೋಸೋಮಿಗೆ ಹೋಗಬೇಕಾದ ಕಿಣ್ವಗಳ ಮೇಲೆ ಗಾಲ್ಗಿಯು ಮ್ಯಾನೋಸ್-6-ಫಾಸ್ಫೇಟ್ ಎಂಬ ಮುದ್ರೆಯೊತ್ತುತ್ತದೆ. ಆನುವಂಶಿಕ ದೋಷದಿಂದ ಆ ಮುದ್ರೆ ಬೀಳದ ಶಿಶುಗಳಲ್ಲಿ ಕಿಣ್ವಗಳು ದಾರಿತಪ್ಪಿ ರಕ್ತಕ್ಕೆ ಸೇರುತ್ತವೆ, ಕೋಶದೊಳಗೆ ಕಸ ತುಂಬುತ್ತದೆ, ಬೆಳವಣಿಗೆ ಕುಂಠಿತವಾಗುತ್ತದೆ. ಬಹುಪಾಲು ಮಕ್ಕಳು ಬಾಲ್ಯ ದಾಟುವುದಿಲ್ಲ. ಮತ್ತೊಂದು ವ್ಯಾಧಿಯಾದ ಪೊಂಪೆ ರೋಗದಲ್ಲಿ ಇಂಥದೊಂದು ಕಿಣ್ವವೇ ಕೊರತೆ. 2006ರಿಂದ ಅದೇ ಮುದ್ರೆಯುಳ್ಳ ಕಿಣ್ವವನ್ನು ಆ ರೋಗಿಗಳ ರಕ್ತನಾಳಕ್ಕೆ ಕೊಡಲಾಗುತ್ತಿದೆ. ಮುದ್ರೆಯನ್ನು ಕಂಡು ಕೋಶಗಳು ಅದನ್ನು ಒಳಗೆ ಬರಮಾಡಿಕೊಳ್ಳುತ್ತವೆ.