ದೋಣಿ ನೀರಿಗಿಳಿಯುವ ಮುಂಚೆ: ವಿಲಿಯಂ ಫ್ರೂಡ್

ಗಂಗೊಳ್ಳಿ, ಕೊಡೇರಿ, ಹಂಗಾರಕಟ್ಟೆ. ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರದ ಯಾವ ಬಂದರಿನಲ್ಲಾದ್ರೂ ಹೊಸ ದೋಣಿ ಇಳಿಸುವಾಗ ಪೂಜೆ ಮಾಡ್ತಾರೆ, ಕಾಯಿ ಒಡೀತಾರೆ. ಅದು ಎಷ್ಟು ಓಡ್ತದೆ, ಮಳೆಗಾಲದಲ್ಲಿ ಅಳಿವೆಯ ತೆರೆಗೆ ಎಷ್ಟು ಹೊಯ್ದಾಡ್ತದೆ ಅಂತ ಪೂರ್ತಿ ಗೊತ್ತಾಗೋದು ಅದರಲ್ಲಿ ಕೂತು ಹೋದ ಮೇಲೆ. ಒಂದು ಕಾಲದಲ್ಲಿ ದೊಡ್ಡ ದೊಡ್ಡ ಯುದ್ಧನೌಕೆಗಳ ಕಥೆಯೂ ಇದೇ ಆಗಿತ್ತು. ಅದನ್ನು ಬದಲಾಯಿಸಿದವರು ವಿಲಿಯಂ ಫ್ರೂಡ್. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ನಾವು ಫ್ರೌಡ್ ನಂಬರ್ ಅಂತ ಬಾಯಿಪಾಠ ಮಾಡ್ತೇವಲ್ಲ, ಅದು ಇವರದೇ. ಸರಿಯಾದ ಉಚ್ಚಾರ ಫ್ರೂಡ್.

ಹುಟ್ಟಿದ್ದು 1810ರಲ್ಲಿ, ಇಂಗ್ಲೆಂಡಿನ ಡೆವನ್‌ನಲ್ಲಿ. ತಂದೆ ಪಾದ್ರಿ. ಆಕ್ಸ್‌ಫರ್ಡ್‌ನಲ್ಲಿ ಗಣಿತ ಓದಿ, ಹೆಸರಾಂತ ಇಂಜಿನಿಯರ್ ಬ್ರುನೆಲ್ ಕೈಕೆಳಗೆ ರೈಲ್ವೆ ಕೆಲಸ ಮಾಡಿದರು. 1846ರಲ್ಲಿ ತಂದೆಯ ಸಲುವಾಗಿ ಕೆಲಸ ಬಿಟ್ಟು ಊರಿಗೆ ಬಂದರು. ಬ್ರುನೆಲ್ ಅವರನ್ನು ಮರೆಯಲಿಲ್ಲ. ಗ್ರೇಟ್ ಈಸ್ಟರ್ನ್ ಅನ್ನೋ ದೈತ್ಯ ಹಡಗು ಕಟ್ಟುವಾಗ, ಅದು ಕಡಲಲ್ಲಿ ಹೇಗೆ ಹೊಯ್ದಾಡಬಹುದು ಅಂತ ಲೆಕ್ಕ ಹಾಕಲು ಕೇಳಿದರು. 1861ರಲ್ಲಿ ಫ್ರೂಡ್ ಉತ್ತರ ಪ್ರಕಟಿಸಿದರು. ಪ್ರತಿ ಹಡಗಿಗೂ ತೂಗಲು ತನ್ನದೇ ಒಂದು ಸಮಯ ಇರ್ತದೆ. ತೆರೆಗಳೂ ಅದೇ ತಾಳಕ್ಕೆ ಬಂದರೆ ಹೊಯ್ದಾಟ ಏರುತ್ತಲೇ ಹೋಗ್ತದೆ. ನಮ್ಮ ಭಾಷೆಯಲ್ಲಿ ರೆಸೊನೆನ್ಸ್!

ಮುಂದಿನ ಪ್ರಶ್ನೆ ವೇಗದ್ದು. 1867ರಲ್ಲಿ ಸ್ವಾನ್, ರೇವನ್ ಅಂತ ಎರಡು ಆಕಾರದ ಮಾದರಿ ದೋಣಿಗಳನ್ನು ಡಾರ್ಟ್ ನದಿಯಲ್ಲಿ ಎಳೆಸಿ ನೋಡಿದರು. ಚೂಪು ಮೂತಿಯದ್ದೇ ಯಾವಾಗಲೂ ಗೆಲ್ಲಬೇಕು ತಾನೆ? ಇಲ್ಲ. ಹೆಚ್ಚು ವೇಗದಲ್ಲಿ ಮೊಂಡು ಮೂತಿಯ ಸ್ವಾನ್ ಹಗುರಾಗಿ ಹೋಯಿತು. ಆದರೆ ಮಾದರಿ ನೋಡಿ ನಿಜವಾದ ಹಡಗಿನ ಬಗ್ಗೆ ಹೇಳೋದು ಮಕ್ಕಳಾಟ ಅಂತ ಆಗಿನ ಪ್ರಸಿದ್ಧ ಹಡಗು ತಜ್ಞ ಸ್ಕಾಟ್ ರಸೆಲ್ ವಾದಿಸಿದರು.

ಫ್ರೂಡ್ ಬಿಡಲಿಲ್ಲ. ನೀರಿನ ತಡೆಯನ್ನು ಎರಡು ಭಾಗ ಮಾಡಿದರು: ಮೈಗೆ ನೀರು ಉಜ್ಜುವ ತಡೆ, ಅಲೆ ಎಬ್ಬಿಸಲು ಖರ್ಚಾಗುವ ತಡೆ. ಮೊದಲನೆಯದನ್ನು ಹಲಗೆ ಎಳೆದು ಅಳೆದು, ಬೇರೆಯಾಗಿ ಲೆಕ್ಕ ಹಾಕಬಹುದು. ಎರಡನೆಯದಕ್ಕೆ, ವೇಗವನ್ನು ಉದ್ದದ ವರ್ಗಮೂಲದ ಪ್ರಮಾಣದಲ್ಲಿ ಇಳಿಸಿದರೆ ಮಾದರಿಯೂ ಹಡಗಿನಂಥದ್ದೇ ಅಲೆ ಎಬ್ಬಿಸ್ತದೆ. 10 ಮೀಟರ್ ದೋಣಿ 10 ನಾಟ್ ವೇಗದಲ್ಲಿ ಏನು ಮಾಡ್ತದೆ ಅಂತ ತಿಳೀಬೇಕಾ? 40 ಸೆಂಟಿಮೀಟರ್ ಮಾದರಿಯನ್ನು 2 ನಾಟ್‌ನಲ್ಲಿ ಎಳೆದರೆ ಸಾಕು. ದೊಡ್ಡ ಇಂಜಿನ್ ಕೂರಿಸಿದ್ರೂ ಭಾರದ ದೋಣಿ ಮೂತಿ ಎತ್ತಿ ನೀರು ಕಡಿಯುತ್ತದೆಯೇ ಹೊರತು ವೇಗ ಅಷ್ಟಾಗಿ ಏರುವುದಿಲ್ಲ. ಅದಕ್ಕೂ ಕಾರಣ ಈ ಅಲೆಯ ತಡೆಯೇ.

1870ರಲ್ಲಿ ಬ್ರಿಟಿಷ್ ನೌಕಾಪಡೆ 2000 ಪೌಂಡ್ ಮಂಜೂರು ಮಾಡಿತು. ಅದೇ ಸೆಪ್ಟೆಂಬರಿನಲ್ಲಿ ಕ್ಯಾಪ್ಟನ್ ಎಂಬ ಹೊಸ ಯುದ್ಧನೌಕೆ ಬಿರುಗಾಳಿಗೆ ಮಗುಚಿ 470ಕ್ಕೂ ಹೆಚ್ಚು ಜನ ಸತ್ತರು. ವಿನ್ಯಾಸಗಳನ್ನು ಪರಿಶೀಲಿಸಲು ನೇಮಿಸಿದ ಸಮಿತಿಯಲ್ಲಿ ಫ್ರೂಡ್ ಕೂಡ ಇದ್ದರು. ಟಾರ್ಕೀಯಲ್ಲಿ ಅವರ ಮನೆ ಪಕ್ಕದಲ್ಲೇ ಸುಮಾರು 85 ಮೀಟರ್ ಉದ್ದದ ಕೊಳ ಸಿದ್ಧವಾಯಿತು. ಮೇಲೆ ಹಳಿ, ಅದರ ಮೇಲೆ ಗಾಡಿ, ಕೆಳಗೆ ಮೇಣದ ಮಾದರಿ. ಆಕಾರ ಸರಿಯಿಲ್ಲದಿದ್ರೆ ಕೆತ್ತಿ ಮತ್ತೆ ಎಳೆಯೋದು. ಮಕ್ಕಳಾಟ ಅಂದವರಿಗೆ ಉತ್ತರ ಕೊಡಲು ಗ್ರೇಹೌಂಡ್ ಎಂಬ ನಿಜವಾದ ಹಡಗನ್ನೇ ಇನ್ನೊಂದು ಹಡಗಿನಿಂದ ಎಳೆಸಿ ತಡೆ ಅಳೆದರು. ಮಾದರಿಯ ಲೆಕ್ಕಕ್ಕೆ ಅದು ಚೆನ್ನಾಗಿಯೇ ತಾಳೆಯಾಯಿತು.

1878ರಲ್ಲಿ ಹೆಂಡತಿ ತೀರಿಕೊಂಡರು. ಮನಸ್ಸಿಗೆ ಸ್ವಲ್ಪ ಬದಲಾವಣೆಯಾಗಲಿ ಅಂತ ನೌಕಾಪಡೆಯ ಅತಿಥಿಯಾಗಿ ದಕ್ಷಿಣ ಆಫ್ರಿಕಕ್ಕೆ ಹೋದ ಫ್ರೂಡ್, 1879ರ ಮೇ 4ರಂದು ಆಮಶಂಕೆಯಿಂದ ಸೈಮನ್ಸ್‌ಟೌನ್‌ನಲ್ಲಿ ತೀರಿಹೋದರು. ಕೆಲಸವನ್ನು ಮಗ ಎಡ್ಮಂಡ್ ಮುಂದುವರಿಸಿದರು.

ಇವತ್ತು ಐಐಟಿ ಮದ್ರಾಸ್, ಖರಗ್‌ಪುರಗಳಲ್ಲಿ ಇಂಥದ್ದೇ ಕೊಳಗಳಿವೆ. ಪರೀಕ್ಷೆಗೆ ಫ್ರೌಡ್ ನಂಬರ್ ಓದುವಾಗ ನಾವು ಇಷ್ಟು ನೆನಪಿಟ್ಟುಕೊಳ್ಳೋಣ: ಕೊಳದಲ್ಲಿ ಮೇಣದ ದೋಣಿ ಮಗುಚಿದರೆ ಅದನ್ನು ಎತ್ತಿ ಮತ್ತೆ ಕೆತ್ತಬಹುದು. ಅಳಿವೆಯಲ್ಲಿ ಮಗುಚಿದರೆ ಹಾಗಲ್ಲ.