ಗಾಜಿನ ಕಲಾಪ್ರೇಮಿ ಪಾವ್ಲೊ ವೆನಿನಿ

ಗಾಜಿನ ಬಳೆ, ಗಾಜಿನ ಲೋಟಗಳನ್ನು ನಾವು ದಿನವೂ ಕಾಣುತ್ತೇವೆ. ಮನುಷ್ಯನ ಉಸಿರಿನಿಂದಲೇ ಉಬ್ಬಿ ರೂಪ ತಾಳಿದ ಗಾಜಿನ ಹೂದಾನಿಗಳೂ ಉಂಟು. ಅವುಗಳ ಚರಿತ್ರೆಯಲ್ಲಿ ಇಟಲಿಯ ಪಾವ್ಲೊ ವೆನಿನಿಯ ಹೆಸರು ದೊಡ್ಡದು.

ವೆನಿನಿ 1895ರಲ್ಲಿ ಮಿಲಾನ್ ನಗರದ ಬಳಿ ಜನಿಸಿದನು. ಓದಿದ್ದು ಕಾನೂನು, ಮನಸ್ಸು ಒಲಿದದ್ದು ಗಾಜಿಗೆ. 1921ರಲ್ಲಿ ವೆನಿಸ್ಸಿನ ಪ್ರಾಚೀನ ಕಲಾವಸ್ತುಗಳ ವ್ಯಾಪಾರಿ ಜಾಕೊಮೊ ಕಪೆಲಿನ್‌ನೊಡನೆ ಕೂಡಿ ಮುರಾನೊ ದ್ವೀಪದಲ್ಲಿ ಕಾರ್ಖಾನೆಯನ್ನು ತೆರೆದನು. ಊರಿಗೆ ಬೆಂಕಿ ಬಿದ್ದೀತೆಂಬ ಭಯದಿಂದ ವೆನಿಸ್ಸಿನ ಆಡಳಿತವು 1291ರಲ್ಲಿಯೇ ಗಾಜಿನ ಕುಲುಮೆಗಳನ್ನು ಈ ದ್ವೀಪಕ್ಕೆ ಸಾಗಿಸಿತ್ತು.

ಆ ಕಾಲದ ಮುರಾನೊ ಗಾಜಿನಲ್ಲಿ ಅಲಂಕಾರದ ಭಾರವೇ ಹೆಚ್ಚಾಗಿತ್ತು. ಗೆಳೆಯರಿಬ್ಬರೂ ಸರಳತೆಯ ದಾರಿ ಹಿಡಿದರು. ವೆರೊನೆಸೆ ಎಂಬ ಹಿಂದಿನ ಚಿತ್ರಕಾರನ ಚಿತ್ರದಲ್ಲಿದ್ದ ಹೂದಾನಿಯನ್ನೇ ಮಾದರಿಯಾಗಿಟ್ಟುಕೊಂಡು ತೆಳುವಾದ ಹೂದಾನಿಯನ್ನು ಮಾಡಿಸಿದರು. ಅದು ಬಹಳ ಹೆಸರು ಪಡೆಯಿತು.

ಆದರೆ 1925ರಲ್ಲಿ ಪಾಲುದಾರಿಕೆ ಮುರಿಯಿತು. ನುರಿತ ಮೇಸ್ತ್ರಿಗಳಲ್ಲಿ ಅನೇಕರು ಕಪೆಲಿನ್‌ನ ಹಿಂದೆ ಹೊರಟುಹೋದರು. ಕೆಲಸ ಬಲ್ಲ ಕೈಗಳಿಲ್ಲದೆ ಕುಲುಮೆಯಿದ್ದು ಫಲವೇನು? ವೆನಿನಿ ಎದೆಗುಂದಲಿಲ್ಲ. ಶಿಲ್ಪಿ ಮಾರ್ತಿನುತ್ಸಿಯನ್ನು ಜೊತೆಗೂಡಿಸಿಕೊಂಡು ಮತ್ತೆ ಆರಂಭಿಸಿದನು. 1932ರ ಬಳಿಕ ವಾಸ್ತುಶಿಲ್ಪಿ ಕಾರ್ಲೊ ಸ್ಕಾರ್ಪಾ, ಎರಡನೆಯ ಮಹಾಯುದ್ಧದ ತರುವಾಯ ಚಿತ್ರಕಲಾವಿದ ಫುಲ್ವಿಯೊ ಬಿಯಾಂಕೋನಿ ಅವನ ನೆರವಿಗೆ ಬಂದರು. ಗಾಳಿಗೆ ಮಡಿಕೆಬಿದ್ದ ಕರವಸ್ತ್ರದಂತೆ ಕಾಣುವ ಪ್ರಸಿದ್ಧ ಹೂದಾನಿಯು ಬಿಯಾಂಕೋನಿ ಮತ್ತು ವೆನಿನಿ ಇಬ್ಬರೂ ಕೂಡಿ ರೂಪಿಸಿದ್ದು.

ಈ ಕೆಲಸ ಒಬ್ಬನಿಂದಾಗುವುದಲ್ಲ. ಸಾವಿರ ಡಿಗ್ರಿಗೂ ಮಿಗಿಲಾದ ಶಾಖದಲ್ಲಿ ಕರಗಿದ ಗಾಜನ್ನು ಕಬ್ಬಿಣದ ಕೊಳವೆಯ ತುದಿಗೆ ಸುತ್ತಿಕೊಳ್ಳಬೇಕು; ಊದಬೇಕು; ಜೋತು ಬೀಳದಂತೆ ತಿರುಗಿಸುತ್ತಲೇ ಇರಬೇಕು. ಮೇಸ್ತ್ರಿಯ ಸುತ್ತ ಸಹಾಯಕರು ಸಿದ್ಧರಾಗಿ ನಿಂತಿರುತ್ತಾರೆ. ರೂಪುಗೊಂಡ ಮೇಲೆ ಬೇರೊಂದು ಒಲೆಯಲ್ಲಿ ನಿಧಾನವಾಗಿ ಆರಿಸಬೇಕು. ಅವಸರ ಮಾಡಿದರೆ ಬಿರುಕು ಬಿಟ್ಟು, ಪಟ್ಟ ಶ್ರಮವೆಲ್ಲ ಮಣ್ಣುಪಾಲು.

ವೆನಿನಿ 1959ರಲ್ಲಿ ವೆನಿಸ್ಸಿನಲ್ಲಿ ತೀರಿಕೊಂಡನು. ಇಂದು ಅವನ ಕಾಲದ ಹೂದಾನಿಗಳನ್ನು ಸಂಗ್ರಹಿಸುವವರು ಮೊದಲು ಅದನ್ನು ಬೋರಲು ಹಾಕಿ ತಳದಲ್ಲಿರುವ ವೆನಿನಿ ಎಂಬ ಗುರುತನ್ನು ಹುಡುಕುತ್ತಾರೆ. ಉಸಿರು ಕೊಟ್ಟ ಮೇಸ್ತ್ರಿಯ ಹೆಸರು ಸಾಮಾನ್ಯವಾಗಿ ಅಲ್ಲಿರುವುದಿಲ್ಲ. ಆದರೂ ಆ ಮೇಸ್ತ್ರಿಗಳಿಲ್ಲದೆ ವೆನಿನಿಯಿಲ್ಲ. ಕಲಾವಿದರನ್ನೂ ಅವರನ್ನೂ ಒಂದೇ ಕುಲುಮೆಯ ಮುಂದೆ ಕೂಡಿಸಿದ ವೆನಿನಿಯಿಲ್ಲದೆ ಆ ಹೂದಾನಿಗಳೂ ಇಲ್ಲ. ಚೆಲುವಾದ ವಸ್ತುವನ್ನು ಕಂಡಾಗ ಅದರ ಮೇಲಿನ ಹೆಸರಿನೊಡನೆ ಹೆಸರಿಲ್ಲದ ಕೈಗಳನ್ನೂ ನಾವು ನೆನೆಯೋಣ.