ಬಟಾಣಿ ತೋಟದ ಮಠಾಧಿಪತಿ ಗ್ರೆಗೊರ್ ಮೆಂಡೆಲ್

ಜನವರಿ 6 ಮೂರು ರಾಯರ ಹಬ್ಬ. 1884ರಲ್ಲಿ ಅದೇ ದಿನ, ಇಂದಿನ ಚೆಕ್ ದೇಶದ ಬ್ರನೋ ನಗರದಲ್ಲಿ, ಸಂತ ತೋಮಸರ ಮಠದ ಅಧಿಪತಿ ಗ್ರೆಗೊರ್ ಮೆಂಡೆಲರು ದೈವಾಧೀನರಾದರು. ಅವರೊಬ್ಬ ಮಹಾವಿಜ್ಞಾನಿ ಎಂಬುದು ಅಂದು ಲೋಕಕ್ಕೆ ತಿಳಿದಿರಲಿಲ್ಲ. ಉಣಕಲ್ಲಿನ ಆಚೆ ಎರೆಹೊಲಗಳಲ್ಲಿ ಹತ್ತಿ ಬೆಳೆದು ಅಮರಗೋಳದ ಮಾರುಕಟ್ಟೆಗೆ ತರುವ ನಮ್ಮ ರೈತರನ್ನು ಕಾಡುತ್ತಿರುವ ಒಂದು ಹುಳುವಿನ ಗುಟ್ಟು ಈ ಸನ್ಯಾಸಿಯ ಬಟಾಣಿ ತೋಟದಲ್ಲಿ ದೊರೆಯುತ್ತದೆ ಎಂದರೆ ಓದುಗರಿಗೆ ಅಚ್ಚರಿಯಾದೀತು.

ಮೆಂಡೆಲರು ಒಕ್ಕಲು ಮನೆತನದವರು. 1822ರ ಜುಲೈ ತಿಂಗಳಲ್ಲಿ ಸಿಲೇಸಿಯಾ ಪ್ರಾಂತದ ಒಂದು ಚಿಕ್ಕ ಹಳ್ಳಿಯಲ್ಲಿ ಜನಿಸಿದರು. ಜ್ಞಾನಸ್ನಾನದಲ್ಲಿ ಪಡೆದ ಹೆಸರು ಯೋಹಾನ್. 1838ರಲ್ಲಿ ತಂದೆ ಕಾಡಿನ ಕೆಲಸದಲ್ಲಿ ತೀವ್ರವಾಗಿ ಗಾಯಗೊಂಡು ದುಡಿಯಲಾರದವರಾದರು. ಮಗನ ಓದು ನಿಲ್ಲುವ ಹೊತ್ತಿಗೆ ತಂಗಿ ತೆರೇಸಿಯಾ ತನ್ನ ಮದುವೆಗಾಗಿ ತೆಗೆದಿರಿಸಿದ್ದ ಹಣದ ಒಂದು ಪಾಲನ್ನು ಅಣ್ಣನಿಗೆ ಕೊಟ್ಟಳು. ಈ ಋಣವನ್ನು ಅವರು ಮರೆಯಲಿಲ್ಲ. ಮುಂದೆ ಅವಳ ಮಕ್ಕಳ ವಿದ್ಯಾಭ್ಯಾಸಕ್ಕೆ ನೆರವಾದರು. 1843ರಲ್ಲಿ ಸಂತ ಅಗಸ್ಟೀನರ ಸಭೆಗೆ ಸೇರಿ ಗ್ರೆಗೊರ್ ಎಂಬ ಹೆಸರು ತಾಳಿದರು. 1847ರಲ್ಲಿ ಗುರುದೀಕ್ಷೆ ದೊರೆಯಿತು. ಆದರೆ ರೋಗಿಗಳ ನರಳಾಟವನ್ನು ಕಂಡು ಅವರೇ ಹಾಸಿಗೆ ಹಿಡಿಯುತ್ತಿದ್ದರು. ಮಠಾಧಿಪತಿ ನಾಪ್ ಅವರು ಇದನ್ನರಿತು ಶಾಲೆಯಲ್ಲಿ ಪಾಠ ಹೇಳಲು ಕಳುಹಿಸಿದರು. ಶಿಕ್ಷಕರ ಅರ್ಹತಾ ಪರೀಕ್ಷೆಗೆ ಎರಡು ಸಲ ಕುಳಿತರೂ ಅವರು ತೇರ್ಗಡೆಯಾಗಲಿಲ್ಲ ಎಂಬುದನ್ನು ಇಂದಿನ ವಿದ್ಯಾರ್ಥಿಗಳು ಗಮನಿಸಬೇಕು.

1856ರಿಂದ 1863ರವರೆಗೆ ಮಠದ ಹಿತ್ತಲಲ್ಲಿ ಅವರು ಸುಮಾರು 28,000 ಬಟಾಣಿ ಗಿಡಗಳನ್ನು ಪರೀಕ್ಷಿಸಿದರು. ಮೊಗ್ಗು ಅರಳುವ ಮುನ್ನವೇ ಕೇಸರಗಳನ್ನು ಕಿತ್ತು, ಬೇರೆ ಗಿಡದ ಪರಾಗವನ್ನು ಸವರಿ, ಹೂವಿಗೆ ಚೀಲ ಕಟ್ಟುವ ತಾಳ್ಮೆಯ ಕೆಲಸವದು. ದುಂಡು ಕಾಳಿನ ತಳಿಯನ್ನೂ ಸುಕ್ಕು ಕಾಳಿನ ತಳಿಯನ್ನೂ ಕೂಡಿಸಿದಾಗ ಮೊದಲ ಪೀಳಿಗೆಯ ಕಾಳುಗಳೆಲ್ಲ ದುಂಡಾಗಿದ್ದವು. ಅವನ್ನು ಬಿತ್ತಿದಾಗ ಬಂದ 7,324 ಕಾಳುಗಳಲ್ಲಿ 5,474 ದುಂಡು, 1,850 ಸುಕ್ಕು. ಸುಕ್ಕಿನ ಗುಣ ಅಳಿದಿರಲಿಲ್ಲ, ಅಡಗಿತ್ತು. ತಾಯಿಯಿಂದ ಒಂದು, ತಂದೆಯಿಂದ ಒಂದು ಎಂದು ಪ್ರತಿ ಗುಣಕ್ಕೂ ಎರಡು ಅಂಶಗಳು ಬರುತ್ತವೆ. ಪ್ರಬಲವಾದುದು ಕಾಣಿಸುತ್ತದೆ, ಇನ್ನೊಂದು ಮರೆಯಲ್ಲಿ ಉಳಿದು ಮೊಮ್ಮಕ್ಕಳಲ್ಲಿ ಮತ್ತೆ ತಲೆಯೆತ್ತುತ್ತದೆ ಎಂದು ಅವರು ತೀರ್ಮಾನಿಸಿದರು.

ಇದರ ಮಹತ್ವವನ್ನು ತಿಳಿಯಲು ಡಾರ್ವಿನ್ನರ ಸಂಕಟವನ್ನು ಅರಿಯಬೇಕು. ಒಂದೇ ಜಾತಿಯ ಜೀವಿಗಳಲ್ಲಿ ಭಿನ್ನತೆ ಇರುವುದರಿಂದ, ಕಷ್ಟಕಾಲಕ್ಕೆ ಹೊಂದುವ ಗುಣವುಳ್ಳವು ಉಳಿದು ಸಂತತಿಯನ್ನು ಹೆಚ್ಚಿಸುತ್ತವೆ. ನಿಸರ್ಗದ ಆಯ್ಕೆ ಎಂದರೆ ಇದೇ ಎಂದು 1859ರಲ್ಲಿ ಅವರು ಸಾರಿದ್ದರು. ಆದರೆ ತಂದೆತಾಯಿಯರ ಗುಣಗಳು ಹಾಲಿನಲ್ಲಿ ನೀರು ಬೆರೆತಂತೆ ಬೆರೆಯುವುದಾದರೆ ಒಳ್ಳೆಯ ಗುಣವೊಂದು ಕೆಲವೇ ತಲೆಮಾರುಗಳಲ್ಲಿ ತೆಳುವಾಗಿ ಹೋಗಬೇಕಷ್ಟೆ. ಈ ಆಕ್ಷೇಪಕ್ಕೆ ಡಾರ್ವಿನ್ನರಲ್ಲಿ ಸರಿಯಾದ ಉತ್ತರವಿರಲಿಲ್ಲ. ಉತ್ತರ ಬ್ರನೋದಲ್ಲಿತ್ತು! ಡಾರ್ವಿನ್ನರ ಗ್ರಂಥದ ಜರ್ಮನ್ ಅನುವಾದವನ್ನು ಮೆಂಡೆಲರು ಓದಿ ಅಂಚಿನಲ್ಲಿ ಗುರುತು ಹಾಕಿದ್ದರು. 1866ರಲ್ಲಿ ಅಚ್ಚಾದ ಮೆಂಡೆಲರ ಪ್ರಬಂಧವನ್ನು ಡಾರ್ವಿನ್ನರು ಓದಲೇ ಇಲ್ಲ.

1868ರಲ್ಲಿ ಮಠಾಧಿಪತಿಯಾದ ಮೇಲೆ ತೋಟಕ್ಕೆ ಸಮಯ ಸಿಗಲಿಲ್ಲ. ಮಠಗಳ ಮೇಲೆ ಸರ್ಕಾರ ಹೇರಿದ ತೆರಿಗೆಯ ವಿರುದ್ಧ ಹೋರಾಡುತ್ತಲೇ ಅವರ ಕೊನೆಯ ವರ್ಷಗಳು ಕಳೆದವು. ಮರಣಾನಂತರ ಅವರ ಕಾಗದಪತ್ರಗಳಲ್ಲಿ ಬಹುಪಾಲು ಬೆಂಕಿಗೆ ಆಹುತಿಯಾಯಿತು. 1900ರಲ್ಲಿ ಮೂವರು ವಿಜ್ಞಾನಿಗಳು ಅವರ ಪ್ರಬಂಧವನ್ನು ಬೆಳಕಿಗೆ ತಂದರು.

ಆ ತತ್ವದ ಬಲದಿಂದಲೇ 1972ರಲ್ಲಿ ನಮ್ಮ ಧಾರವಾಡದಲ್ಲಿ ಡಾ. ಬಿ.ಎಚ್. ಕಾತರಕಿಯವರು ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ವರಲಕ್ಷ್ಮಿ ಎಂಬ ಸಂಕರ ತಳಿಯನ್ನು ನೀಡಿದರು. ಕಾಯಿಕೊರಕ ಹುಳುವನ್ನು ಕೊಲ್ಲುವ ವಿಷಾಂಶವುಳ್ಳ ಬಿಟಿ ಹತ್ತಿಗೆ ಭಾರತದಲ್ಲಿ 2002ರಲ್ಲಿ ಅನುಮತಿ ದೊರೆಯಿತು. ಆರಂಭದಲ್ಲಿ ರೈತರು ನಿಟ್ಟುಸಿರು ಬಿಟ್ಟರು. ಆದರೆ ಹುಳುಗಳ ದೊಡ್ಡ ಬಳಗದಲ್ಲಿ ವಿಷವನ್ನು ತಾಳುವ ಅಂಶ ಅಲ್ಲೊಂದು ಇಲ್ಲೊಂದು ಹುಳುವಿನಲ್ಲಿ, ಸುಕ್ಕು ಬಟಾಣಿಯ ಗುಣದಂತೆ, ಅಡಗಿತ್ತು. ಸಾವಿರಕ್ಕೆ ಒಂದರಂತೆ ಆ ಅಂಶವಿದೆಯೆಂದು ಭಾವಿಸೋಣ. ಎರಡೂ ಕಡೆಯಿಂದ ಅದನ್ನು ಪಡೆದ ಹುಳು ಹತ್ತು ಲಕ್ಷಕ್ಕೆ ಒಂದು ಮಾತ್ರ. ಊರಿಗೆ ಊರೇ ಬಿಟಿ ಹತ್ತಿ ಬಿತ್ತಿದಾಗ ಉಳಿದವೆಲ್ಲ ಸತ್ತು ಆ ಒಂದು ಬದುಕಿತು. ಬದುಕಿದವು ತಮ್ಮತಮ್ಮಲ್ಲೇ ಕೂಡಿದವು. 2010ರಲ್ಲಿ ಗುಜರಾತಿನಿಂದ ಗುಲಾಬಿ ಕಾಯಿಕೊರಕ ಬಿಟಿಗೆ ಜಗ್ಗದ ಸುದ್ದಿ ಬಂದಿತು. ಎರಡು ವಿಷಾಂಶಗಳ ಬೀಜವನ್ನೂ ಅದು ಬಳಿಕ ಗೆದ್ದಿತು.

ಇದನ್ನು ತಡೆಯುವ ಉಪಾಯವೂ ಮೆಂಡೆಲರ ಲೆಕ್ಕದಿಂದಲೇ ಹುಟ್ಟಿದ್ದು. 450 ಗ್ರಾಂ ಬಿಟಿ ಬೀಜದ ಜೊತೆಗೆ 120 ಗ್ರಾಂ ಸಾದಾ ಹತ್ತಿ ಬೀಜದ ಪೊಟ್ಟಣವನ್ನು ಕೊಡುತ್ತಿದ್ದರು. ಹೊಲದ ಅಂಚಿನ ಸಾದಾ ಹತ್ತಿಯಲ್ಲಿ ಸಾಮಾನ್ಯ ಹುಳುಗಳು ಬದುಕಿ, ಪತಂಗಗಳಾಗಿ, ವಿಷ ತಾಳಿದ ಪತಂಗಗಳೊಡನೆ ಕೂಡಬೇಕು. ಅವುಗಳ ಮರಿಗಳಿಗೆ ತಾಳುವ ಅಂಶ ಒಂದೇ ಬರುವುದರಿಂದ ಬಿಟಿ ಹತ್ತಿಯನ್ನು ತಿಂದು ಸಾಯುತ್ತವೆ. ಹುಳುವಿಗಾಗಿ ಹೊಲ ಬಿಡುವುದೇ ಎಂದು ಎಷ್ಟೋ ರೈತರು ಆ ಬೀಜವನ್ನು ಬಿತ್ತಲಿಲ್ಲ. ಅವರನ್ನು ದೂರಿ ಫಲವಿಲ್ಲ. ಪೊಟ್ಟಣವನ್ನು ಕೈಗಿತ್ತವರು ಅದು ಏಕೆಂದು ಕುಳಿತು ಹೇಳಿದ್ದು ಕಡಿಮೆ.